ಪಾಚಿ ತೆಗೆಸಿದ ಕಿಟಕಿ

ಮೂರು ಕಾಲಿನ ಸ್ಟ್ಯಾಂಡನ್ನು ಕಲ್ಲುಹಾಸಿನ ಮೇಲೆ ಅಲುಗದಂತೆ ನಿಲ್ಲಿಸಿ, ಲೇಲೊ ಎದುರುಮನೆಯ ಕಿಟಕಿಗೆ ಕ್ಯಾಮೆರಾ ಹೊಂದಿಸುತ್ತಿದ್ದಳು. ಬಣ್ಣ ಮಾಸಿದ ಮರದ ಚೌಕಟ್ಟು, ಎರಡು ಗಾಜು, ಅವುಗಳ ನಡುವೆ ತೇವ ಹೀರಲೆಂದು ಮೆತ್ತೆಯಂತೆ ಹಾಸಿದ ಒಣ ಪಾಚಿ, ಅದರ ಮೇಲೊಂದು ಗೊಂಚಲು ಕೆಂಪು ಕಾಡುಹಣ್ಣು. ಇನ್ನೇನು ಗುಂಡಿ ಒತ್ತಬೇಕು, ಹೆಲ್ದೂರ್ ಕೈ ಅಡ್ಡ ಹಿಡಿದ.

ಟಾಲಿನ್ ನಗರದ ಹಳೆಯ ಮರದ ಮನೆಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದ ವಾಸ್ತುಶಿಲ್ಪಿ ಅವನು, ಚಿತ್ರಗಳು ಲೇಲೊಳವು. ಪಾಚಿ ಕಸದ ಹಾಗೆ ಕಾಣುತ್ತದೆ, ತೆಗೆಸೋಣ ಎಂದ. ಚಳಿಗಾಲಕ್ಕೆ ಮುಚ್ಚಿದ ಕಿಟಕಿಯನ್ನು ವಸಂತದವರೆಗೆ ಯಾರೂ ತೆರೆಯುವುದಿಲ್ಲ ಎಂದು ಅವಳು ಹೇಳುವಷ್ಟರಲ್ಲಿ ಅವನು ಬಾಗಿಲು ತಟ್ಟಿಯಾಗಿತ್ತು.

ಮನೆಯಲ್ಲಿದ್ದ ಮುದುಕಿ ವೈಕೆ ಇಲ್ಲವೆನ್ನಲಿಲ್ಲ. ಈ ಮನೆಗಳ ಸಾಲನ್ನೇ ಕೆಡವುವ ಮಾತು ಬೀದಿಯಲ್ಲೆಲ್ಲ ಓಡಾಡುತ್ತಿತ್ತು. ಪುಸ್ತಕದಲ್ಲಿ ಬಂದ ಮನೆಗೆ ಕೈ ಹಚ್ಚಲಾರರು ಎಂಬುದೊಂದೇ ಆಕೆಯ ಆಸೆ. ಗಾಳಿ ನುಗ್ಗದಂತೆ ಸಂದಿಗೆ ಅಂಟಿಸಿದ್ದ ಕಾಗದದ ಪಟ್ಟಿಗಳನ್ನು ತಾನೇ ಕಿತ್ತಳು. ಆ ಪರಪರ ಸದ್ದು ಬೀದಿಯಾಚೆಗೂ ಕೇಳಿ ಲೇಲೊಳ ಮೈ ಉರಿಯಿತು.

"ನಿಮ್ ಪುಸ್ತಕದೊಳಗೆ ಯಾರಿಗೂ ಚಳಿ ಆಗಲ್ಲ ಅಂತ ಕಾಣತ್ತೆ, ಸ್ವಾಮಿ," ಎಂದಳು ವೈಕೆ, ಪಾಚಿಯನ್ನು ಬುಟ್ಟಿಗೆ ತುಂಬುತ್ತ.

"ಒಂದೇ ನಿಮಿಷ ಅಜ್ಜಿ. ಜನ ನೋಡೋದು ಮರಗೆಲಸಾನ, ಪಾಚೀನಲ್ಲ."

ಒಳಗೆ ಮನುಷ್ಯರಿದ್ದಾರೆ ಎಂಬ ಗುರುತೆಲ್ಲ ಇವನ ಕಣ್ಣಿಗೆ ಕೊಳೆ. ಹೋದ ವಾರ ಒಂದು ಮೆಟ್ಟಿಲಿಂದ ಮಕ್ಕಳು ಹಿಮದಲ್ಲಿ ಜಾರುವ ಬಂಡಿ ಎತ್ತಿಸಿದ್ದ. ಅದಕ್ಕೆ ಮುಂಚೆ ಬಾಗಿಲ ಮೇಲಿನ ಹೆಸರುಗಳನ್ನು ಮರೆಮಾಡಿಸಿದ್ದ. ಕೆಡವಲು ಹೊರಟವರೂ ಕೇಳುತ್ತಿದ್ದುದು ಅದನ್ನೇ ಅಲ್ಲವೇ, ಅಲ್ಲಿ ಯಾರಿದ್ದಾರೆ ಈಗ ಎಂದು? ಆಗೆಲ್ಲ ಬಾಯಿ ಮುಚ್ಚಿಕೊಂಡು ಚಿತ್ರ ತೆಗೆದಂತೆ ಇದನ್ನೂ ಅವಳು ತೆಗೆದಳು. ಹೆಲ್ದೂರ್ ನೋಡಿ ಮೆಚ್ಚಿ, ಮೂಲೆಯಂಗಡಿಗೆ ಕಾಫಿ ಕುಡಿಯಲು ಹೋದ.

ಲೇಲೊ ಒಳಗೆ ಹೋದಾಗ ವೈಕೆ ಹಿಟ್ಟಿನ ಅಂಟು ಕದಡುತ್ತಿದ್ದಳು. ಕೋಣೆ ಆಗಲೇ ತಣ್ಣಗಾಗಿತ್ತು. ಪಾಚಿಯನ್ನು ಮತ್ತೆ ಹಾಸಿ, ಇಬ್ಬರೂ ಸೇರಿ ಪಟ್ಟಿಗಳನ್ನು ಅಂಟಿಸತೊಡಗಿದರು.

"ಮನೆ ಉಳಿಯುತ್ತಾ, ಮಗಳೇ?"

ಲೇಲೊ ಕೊನೆಯ ಪಟ್ಟಿಯನ್ನು ಆಕೆಯ ಕೈಗೆ ಕೊಟ್ಟು ಹೊರಗೆ ಬಂದಳು. ಗಾಜಿನ ಹಿಂದೆ ವೈಕೆ ತುಟಿ ಬಿಗಿಹಿಡಿದು, ಅಂಗೈಯಿಂದ ಕಾಗದ ಒತ್ತುತ್ತಿದ್ದಳು. ಲೇಲೊ ಗುಂಡಿ ಒತ್ತಿದಳು.

"ಅದಾಯ್ತಲ್ಲ, ಇನ್ನೇನ್ ತೆಗೀತಿದೀಯ?" ಹಿಂದಿರುಗಿದ ಹೆಲ್ದೂರ್ ಕೇಳಿದ.

"ಬೆಳಕು ನೋಡ್ತಿದ್ದೆ," ಎಂದಳು.

ಮುದ್ರಣಾಲಯಕ್ಕೆ ಚಿತ್ರಗಳನ್ನು ಕಳಿಸುವವಳು ಅವಳೇ. ಆ ಖಾಲಿ ಕಿಟಕಿ ಅಲ್ಲಿಗೆ ತಲುಪುವುದಿಲ್ಲ, ವೈಕೆ ನಿಂತ ಕಿಟಕಿ ತಲುಪುತ್ತದೆ. ಲೇಲೊ ಸ್ಟ್ಯಾಂಡ್ ಮಡಚಿ ಹೆಗಲಿಗೇರಿಸಿ, ಅವನ ಜೊತೆ ಮುಂದಿನ ಮನೆಯತ್ತ ನಡೆದಳು.