ಭಾನುವಾರದ ಒದೆ

ಸೆಸಿಲಿಯಮ್ಮನಿಗೆ ಶಿಸ್ತೆಂದರೆ ಪ್ರಾಣ. ಭದ್ರಾವತಿಯ ಚರ್ಚಿನಲ್ಲಿ ಭಾನುವಾರದ ಮೊದಲ ಪೂಜೆಯ ಗಂಟೆ ಹೊಡೆಯುವಷ್ಟರಲ್ಲಿ ಮುಂದಿನ ಬೆಂಚಿನಲ್ಲಿ ಅವಳು ಕೂತಿರಲೇಬೇಕು. ಆಮೇಲೆ ಬಂದವರತ್ತ ಕತ್ತು ತಿರುಗಿಸಿ ಒಂದು ನೋಟ ಬೀರುತ್ತಿದ್ದಳಲ್ಲ, ಅದಕ್ಕೆ ಫಾದರ್ ಕೂಡ ಹೆದರುತ್ತಿದ್ದರು. ಕೈಗೂಸು ಎತ್ತಿಕೊಂಡು ಪ್ರತಿ ವಾರ ತಡವಾಗಿ ಓಡಿಬರುವ ರೀಟಾಳನ್ನಂತೂ ಎಲ್ಲರೆದುರೇ ಕೇಳಿಬಿಟ್ಟಿದ್ದಳು: "ದೇವರೇನು ನಿನಗೋಸ್ಕರ ಕಾಯ್ತಾ ಕೂತಿರ್ತಾನಾ?"

ಅಂಥವಳ ಮನೆಯಲ್ಲೇ ಶಿಸ್ತಿಲ್ಲದ ಹಸು! ಕುಂಸಿಯ ಜಯಪ್ಪನಿಂದ ಕೊಂಡ ಗೌರಿ, ಚೊಚ್ಚಲು ಕರು ಹಾಕಿತ್ತು. ವಾರವೆಲ್ಲ ಮನೆ ಹಿಂದಿನ ಹೊಂಗೆ ಮರದಡಿ ತೆಪ್ಪಗೆ ನಿಂತು ಹಾಲು ಕೊಡುತ್ತಿತ್ತು. ಭಾನುವಾರ ಬಂತೋ, ಬಕೆಟ್ಟಿಗೊಂದು ಒದೆ. ಹೋದ ವಾರ ಆ ಒದೆ ಗಂಡ ಚಿನ್ನಪ್ಪನ ಮಂಡಿಗೇ ಬಿತ್ತು.

"ಜಯಪ್ಪಂಗೆ ಫೋನ್ ಮಾಡಿದೀನಿ. ಭಾನುವಾರ ಟೆಂಪೋ ತರ್ತಾನೆ. ಅವನೆದುರಿಗೂ ಒದ್ರೆ ವಾಪಸ್ ಹೊಡ್ಕೊಂಡು ಹೋಗ್ಲಿ" ಎಂದ.

"ಅದನ್ನ ನಾನು ತಿದ್ತೀನಿ."

"ಕೋಲು ಮುರಿಯೋವರೆಗೂ ತಿದ್ದಿದ್ದಾಯ್ತಲ್ಲ ಮಾರಾಯ್ತಿ."

ಮಾತು ನಿಜ, ಅದಕ್ಕೇ ಚುಚ್ಚಿತು. ಗೌರಿ ಇಲ್ಲದ ಹಿತ್ತಲನ್ನು ಅವಳಿಂದ ನೆನೆಯಲೂ ಆಗುತ್ತಿರಲಿಲ್ಲ.

ಭಾನುವಾರ ಬೆಳಕು ಹರಿಯುವಾಗಲೇ ಜಯಪ್ಪ ಹಗ್ಗ ಹಿಡಿದು ಬಂದು ನಿಂತ. ಪೂಜೆಗೆಂದು ಸೀರೆ ಉಟ್ಟೇ ಬಂದ ಸೆಸಿಲಿಯಮ್ಮ ಕರುವನ್ನು ಕೆಚ್ಚಲಿಗೆ ಬಿಟ್ಟಳು, ಮರುಕ್ಷಣವೇ ಎಳೆದು ಕಟ್ಟಿದಳು. ಗೌರಿ ಕಾಲೆತ್ತಿತು. ಅವಳ ಕೈ ಹೊಸ ಕೋಲಿಗೆ ಹೋಯಿತು.

ಆಗ ಕರು ಕಣ್ಣಿಗೆ ಬಿತ್ತು. ಬಾಯಲ್ಲಿ ನೊರೆ ಸುರಿಸಿಕೊಂಡು ಹಗ್ಗ ಜಗ್ಗುತ್ತಿತ್ತು. ಉಳಿದ ದಿನ ಅದು ಚೀಪಿ ಚೀಪಿ ಕೆಚ್ಚಲು ತುಂಬಿಬರುವವರೆಗೂ ಅವಳು ಸುಮ್ಮನೆ ಕಾಯುತ್ತಿದ್ದಳು. ಪೂಜೆಯ ಅವಸರದಲ್ಲಿ ಭಾನುವಾರ ಮಾತ್ರ ಕಾದವಳೇ ಅಲ್ಲ. ಆರು ದಿನ ಒಂದು ರೀತಿ, ಏಳನೆಯ ದಿನ ಇನ್ನೊಂದು ರೀತಿ. ಶಿಸ್ತು ತಪ್ಪಿದ್ದು ಯಾರು?

ಕೋಲನ್ನು ಬೇಲಿಯಾಚೆ ಎಸೆದು ಕರು ಬಿಚ್ಚಿದಳು. ಅಷ್ಟರಲ್ಲಿ ಚರ್ಚಿನ ಗಂಟೆ ಹೊಡೆಯಿತು.

"ಪೂಜೆ ಶುರುವಾಯ್ತು ಕಣೇ" ಎಂದ ಚಿನ್ನಪ್ಪ.

"ಆಗ್ಲಿ. ಇವತ್ತು ಇದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂತಿರ್ತೀನಿ."

ಪೂಜೆಯ ಸೀರೆಯಲ್ಲೇ ಸಗಣಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಳು. ಕಾಯುತ್ತಾ ಕೂತಾಗ ಒಂದು ಹೊಳೆಯಿತು. ತನ್ನ ಈ ಹಾಳು ಸಿಟ್ಟಿಗೆ ದೇವರು ಯಾವತ್ತೋ ಕೋಲು ಎತ್ತಬಹುದಿತ್ತು. ಎತ್ತಲಿಲ್ಲ. ಇಷ್ಟು ವರ್ಷ ಸುಮ್ಮನೆ ಕಾದಿದ್ದಾನೆ.

ಕೆಚ್ಚಲು ತುಂಬಿ ಬಂತು. ಗೌರಿ ಕಾಲು ಕದಲಿಸಲಿಲ್ಲ. ಬಕೆಟ್ ತುಂಬಿದ ಮೇಲೆ ಜಯಪ್ಪ ಹಗ್ಗ ಸುತ್ತಿಕೊಂಡು, "ಬರ್ತೀನಿ ಅಕ್ಕಾ" ಎಂದು ಖಾಲಿ ಟೆಂಪೋ ಹತ್ತಿದ.

ಅವಳು ಚರ್ಚಿಗೆ ಹೋದಾಗ ಪ್ರವಚನ ಅರ್ಧ ಮುಗಿದಿತ್ತು. ಇಡೀ ಚರ್ಚು ಕತ್ತು ತಿರುಗಿಸಿ ನೋಡಿತು. ತಲೆ ತಗ್ಗಿಸದೆ ನಡೆದು ಕೊನೆಯ ಬೆಂಚಿಗೆ ಬಂದಳು. ಕೂಸು ಎತ್ತಿಕೊಂಡು ಅಲ್ಲೇ ಕೂತಿದ್ದ ರೀಟಾ ಹೆದರಿಕೊಂಡೇ ಜಾಗ ಬಿಟ್ಟಳು.

ಸೆಸಿಲಿಯಮ್ಮ ಕೈಚಾಚಿ ಕೂಸನ್ನು ತನ್ನ ಮಡಿಲಿಗೆ ಎತ್ತಿಕೊಂಡಳು.

"ಅವತ್ತು ಕೇಳಿದ್ನಲ್ಲ ರೀಟಾ" ಎಂದಳು ಮೆಲ್ಲಗೆ. "ಕಾಯ್ತಾನಮ್ಮ."