ಬಂದರಿಗೆ ತಾಗದ ಗೆರೆ

ಸಮುದ್ರದ ಕಥೆಯನ್ನು ಸಮುದ್ರ ದಾಟಿದವರೇ ಹೇಳಿದರೆ ಚೆಂದ. ದಡದಲ್ಲಿ ಕೂತು ಕೇಳಿಸಿಕೊಂಡದ್ದನ್ನು ಹೀಗೆ ಬರೆದು ಮುಂದಿಡುವುದು ಅಧಿಕಪ್ರಸಂಗವೇ ಸರಿ. ಹಗ್ಗದ ಹೆಸರೋ ಗಾಳಿಯ ದಿಕ್ಕೋ ಎಲ್ಲಾದರೂ ತಪ್ಪಿದ್ದರೆ ಬಲ್ಲವರು ಮನ್ನಿಸಿ, ತಿದ್ದಿಕೊಂಡು ಓದಬೇಕು. ಅತ್ತಿಗೆ ನಾದಿನಿಯರ ವಿಷಯದಲ್ಲಿ ಅಷ್ಟೊಂದು ತಿದ್ದುವುದು ಇರಲಾರದು. ಅದು ನೆಲದ ಮೇಲಿನವರಿಗೂ ಗೊತ್ತಿರುವಂಥದ್ದೇ.

ಆ ಮನೆಯವರ ಕಸುಬು ಬೇರೆಯವರ ಹಾಯಿದೋಣಿಗಳನ್ನು ಸಮುದ್ರ ದಾಟಿಸಿ ಒಡೆಯರಿಗೆ ಒಪ್ಪಿಸುವುದು. ಗಂಡ ದೋಣಿ ಬಡಗಿ. ಹೆಂಡತಿ ಹಾಯಿ ಹೊಲಿಯುವವಳು. ಗಂಡನ ತಂಗಿ ಬಂದರು ಕಚೇರಿಯಲ್ಲಿ ನಕ್ಷೆ ತಿದ್ದುವವಳು. ದಾರಿ ಹಾಕುವುದು ಅವಳ ಪಾಲು. ಆಕಾಶದಿಂದ ಜಾಗ ಹೇಳಿಕೊಡುವ ಯಂತ್ರಗಳು ಇನ್ನೂ ಬಂದಿರದ ಕಾಲ ಅದು. ಸೂರ್ಯ, ದಿಕ್ಸೂಚಿ, ಗಡಿಯಾರ, ಇವಿಷ್ಟನ್ನು ನಂಬಿ ಹೋಗಬೇಕು. ಮಿಕ್ಕದ್ದಕ್ಕೆ ದೋಣಿಯಲ್ಲಿ ಜೊತೆಗಿರುವವರನ್ನು ನಂಬಬೇಕು.

ಆ ವರ್ಷ ಗಂಡ ಮೊದಲೇ ಆಚೆ ದಡಕ್ಕೆ ಹೋಗಿದ್ದ. ಅಲ್ಲಿನ ದೋಣಿ ಕಾರ್ಖಾನೆಯಲ್ಲಿ ಮರಗೆಲಸ ಸಿಕ್ಕಿತ್ತು. ಮೊದಮೊದಲು ವಾರಕ್ಕೊಮ್ಮೆ ಫೋನು ಬರುತ್ತಿತ್ತು. ಆಮೇಲೆ ಮಾತು ಚಿಕ್ಕದಾಯಿತು, ಫೋನೂ ಅಪರೂಪವಾಯಿತು. ಅತ್ತಿಗೆ ಅದನ್ನು ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ. ಒಳಗೊಳಗೇ ನೂಲು ಸುತ್ತುತ್ತ ಹೋದಳು.

ಒಂದು ಮಧ್ಯಾಹ್ನ ನಾದಿನಿಗೆ ಊಟದ ಡಬ್ಬಿ ಕೊಡಲು ಬಂದರು ಕಚೇರಿಗೆ ಹೋದಾಗ, ಗಾಜಿನ ಬಾಗಿಲ ಆಚೆ ಅವಳು ಫೋನಿನಲ್ಲಿ ಮಾತಾಡುತ್ತಿದ್ದಳು. ಬೆನ್ನು ಇತ್ತ ಇತ್ತು. ಬಾಗಿಲು ಪೂರ್ತಿ ಹಾಕಿರಲಿಲ್ಲ.

"ಅತ್ತಿಗೆಗೆ ಹೇಳಲ್ಲ ಅಣ್ಣ, ಆಣೆಗೂ ಹೇಳಲ್ಲ. ಆದಷ್ಟು ತಡ ಮಾಡ್ತೀನಿ, ಆಯ್ತಾ?"

ಅತ್ತಿಗೆ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಕೆಮ್ಮಿ, ಏನೂ ಕೇಳದವಳ ಹಾಗೆ ನಿಂತಳು. ನಾದಿನಿ ತಿರುಗಿ ನೋಡಿ, ಫೋನು ಇಟ್ಟು, ಉಪ್ಪು ಸರಿಯಾಗಿದೆಯಾ ಎಂದು ಕೇಳಿದಳು. ಡಬ್ಬಿಯ ಮುಚ್ಚಳ ಇನ್ನೂ ತೆಗೆದೇ ಇರಲಿಲ್ಲ.

ಅಲ್ಲಿಂದ ಮುಂದೆ ಅತ್ತಿಗೆಯ ಕಣ್ಣಿಗೆ ಎಲ್ಲವೂ ಸಾಕ್ಷಿಯೇ. ಒಡೆಯನೊಬ್ಬನ ದೋಣಿಯನ್ನು ಅದೇ ಆಚೆ ಬಂದರಿಗೆ ಮುಟ್ಟಿಸುವ ಕೆಲಸ ಬಂದಾಗ ಅವಳು ತಾನೇ ಮುಂದಾಗಿ ಒಪ್ಪಿಕೊಂಡಳು. ಗಂಡನ ಮುಖ ನೋಡಬೇಕಿತ್ತು. ನಾದಿನಿ ಮಾತ್ರ ಹಾಯಿ ಹಳತಾಗಿದೆ, ಮೋಡದ ಕಾಲ ಕಳೆಯಲಿ ಎಂದು ರಾಗ ಎಳೆದಳು. ಅತ್ತಿಗೆ ನಾಲ್ಕೇ ದಿನದಲ್ಲಿ ಹಾಯಿಯ ಅಂಚುಗಳನ್ನೆಲ್ಲ ಬಿಚ್ಚಿ ಹೊಸದಾಗಿ ಹೊಲಿದು ಅವಳ ಮುಂದೆ ಹರವಿದಳು. ಬೆರಳ ತುದಿ ಬಾತಿತ್ತು.

"ಈಗ ಹಳತಾ?"

"ಇಲ್ಲ ಅತ್ತಿಗೆ," ಎಂದಳು ನಾದಿನಿ. ಅವಳ ಮುಖ ನೋಡಿದರೆ ಸಂತೋಷವಾದಂತೆ ಕಾಣಲಿಲ್ಲ.

ಹಾಯಿ ಹೊಲಿಯುವ ಮಳಿಗೆಯ ಮೇಲಿನ ಕೋಣೆಯಲ್ಲಿ ನಕ್ಷೆ ಬಿಚ್ಚಿದರು. ಸುರುಳಿ ಮಡಚಿಕೊಳ್ಳದಂತೆ ಒಂದು ಮೂಲೆಗೆ ಇಸ್ತ್ರಿಪೆಟ್ಟಿಗೆ, ಇನ್ನೊಂದಕ್ಕೆ ಜೇನುಮೇಣದ ಉಂಡೆ. ಕೆಳಗಿನಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ನಾದಿನಿ ಕೈವಾರ ಊರಿ, ಪಟ್ಟಿ ಜರುಗಿಸಿ, ಪೂರ್ವದ ದಡದಿಂದ ಪಶ್ಚಿಮದ ದಡಕ್ಕೆ ಸೀಸದ ಗೆರೆ ಎಳೆದಳು. ಆಚೆ ದಡ ಉತ್ತರದಿಂದ ದಕ್ಷಿಣಕ್ಕೆ ನೆಟ್ಟಗೆ ಮಲಗಿತ್ತು. ಬೆಟ್ಟವಿಲ್ಲ, ಗೋಪುರವಿಲ್ಲ, ಮೈಲಿಗಟ್ಟಲೆ ಒಂದೇ ತರಹದ ಮರಳು ಮತ್ತು ಪೊದೆ. ಅದರ ನಡುವೆ ಬಂದರು ಒಂದು ಚುಕ್ಕೆ. ಬಂದರಿನ ದಕ್ಷಿಣಕ್ಕೆ ನೀರೊಳಗೆ ಬಂಡೆಗಳ ಸಾಲು. ಗೆರೆ ಹೋಗಿ ಮುಟ್ಟಿದ್ದು ಆ ಚುಕ್ಕೆಯನ್ನಲ್ಲ. ಅದಕ್ಕಿಂತ ತುಂಬ ಉತ್ತರಕ್ಕೆ, ಹೆಸರೂ ಬರೆಯದ ಬರಿ ದಡಕ್ಕೆ.

"ಯಾಕೆ ಪುಟ್ಟಿ, ಈ ಗೆರೆ ಬಂದರಿಗೆ ಸೇರೋದೇ ಇಲ್ವಲ್ಲ?"

"ಅಲ್ಲಿಗೆ ಹೋದರೆ ಇಲ್ಲಿಗೆ ಬಂದ ಹಾಗೇ ಬಿಡಿ," ಎಂದು ನಾದಿನಿ ಸೀಸದ ಚೂರನ್ನು ಊದಿದಳು.

ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿತ್ತು ಆ ಮಾತು. ಬಂದರು ಕಚೇರಿಯವರಿಗೆ ಅದು ಉಸಿರಾಟದಷ್ಟು ಸಹಜವಾದ ಲೆಕ್ಕ, ಯಾರೂ ಯಾರಿಗೂ ಬಿಡಿಸಿ ಹೇಳುವುದಿಲ್ಲ. ಹಿಂದಿನ ಪಯಣಗಳಲ್ಲಿ ಗಂಡನೂ ತಂಗಿಯೂ ದಾರಿ ಹಾಕುವಾಗ ಅತ್ತಿಗೆ ಕೆಳಗೆ ಹೊಲಿಯುತ್ತಿರುತ್ತಿದ್ದಳು. ಹೇಳಿದ ದಿಕ್ಕಿಗೆ ಚುಕ್ಕಾಣಿ ಹಿಡಿಯುವುದಷ್ಟೇ ಅವಳಿಗೆ ಗೊತ್ತಿತ್ತು. ಈಗ ಇನ್ನೊಮ್ಮೆ ಕೇಳಿದರೆ ದಡ್ಡಿ ಎನಿಸಿಕೊಳ್ಳುವ ನಾಚಿಕೆ. ಅದಕ್ಕಿಂತ ಹೆಚ್ಚಾಗಿ, ಉತ್ತರವಾಗಿ ಸುಳ್ಳೇ ಬಂದೀತು ಎಂಬ ಹೆದರಿಕೆ. ತಡ ಮಾಡ್ತೀನಿ ಅಂದಿದ್ದಳಲ್ಲ, ಹೀಗೇ ತಡ ಮಾಡುವುದು ಎಂದು ಅವಳು ಮನಸ್ಸಿನಲ್ಲೇ ಮುದ್ರೆ ಒತ್ತಿದಳು.

ಹೊರಟ ಮೇಲೆ ಇಬ್ಬರೂ ಪಾಳಿ ಹಂಚಿಕೊಂಡರು. ಒಬ್ಬಳು ಮಲಗಿದಾಗ ಇನ್ನೊಬ್ಬಳು ಚುಕ್ಕಾಣಿಗೆ. ಗಾಳಿ ಈಶಾನ್ಯದಿಂದ, ಬಲ ಹೆಗಲ ಹಿಂದಿನಿಂದ ಬೀಸುತ್ತಿತ್ತು. ದೋಣಿ ಒಳ್ಳೆಯದು, ಮಾತು ಕೇಳುತ್ತಿತ್ತು. ನಾದಿನಿ ಮಲಗಿ ಉಸಿರು ಒಂದೇ ಸಮವಾದ ಮೇಲೆ ಅತ್ತಿಗೆ ದಿಕ್ಸೂಚಿಯ ಮುಳ್ಳನ್ನು ಹೇಳಿದ ಗುರುತಿನಿಂದ ಒಂದು ಕೂದಲೆಳೆ ಸರಿಸಿ ಹಿಡಿಯತೊಡಗಿದಳು. ಎಡಕ್ಕೆ, ದಕ್ಷಿಣಕ್ಕೆ, ಬಂದರಿನ ಕಡೆಗೆ. ಮೋಸ ಎಂದು ಅವಳಿಗೆ ಅನಿಸಲಿಲ್ಲ. ವಾರೆಯಾಗಿ ಬಂದ ಬಟ್ಟೆಯನ್ನು ಸೂಜಿಯ ಕೆಳಗೆ ಮೆಲ್ಲಗೆ ತಿರುಗಿಸಿ ನೇರ ಮಾಡುವುದಿಲ್ಲವೇ, ಹಾಗೆ.

ನಡುಹಗಲು ನಾದಿನಿ ಸೆಕ್ಸ್ಟಂಟ್ ಹಿಡಿದು ಸೂರ್ಯನ ಎತ್ತರ ಅಳೆಯುತ್ತಿದ್ದಳು. ಅದರಿಂದ ದೋಣಿ ಎಷ್ಟು ಉತ್ತರದಲ್ಲಿದೆ, ಎಷ್ಟು ದಕ್ಷಿಣದಲ್ಲಿದೆ ಎಂಬುದು ಸಿಕ್ಕುತ್ತಿತ್ತು. ಅಳೆದು, ಹುಬ್ಬು ಗಂಟಿಕ್ಕಿ, ನೀರಿನ ಸೆಳೆತ ಈ ಸಲ ದಕ್ಷಿಣಕ್ಕೆ ಜಾಸ್ತಿ ಇದೆ ಎನ್ನುವಳು. ಮತ್ತೆ ಸ್ವಲ್ಪ ಬಲಕ್ಕೆ ಹಿಡಿಯಲು ಹೇಳುವಳು. ಅತ್ತಿಗೆ ಹೂಂ ಎನ್ನುವಳು. ಅನ್ನುತ್ತ ಅವಳ ಮುಖವನ್ನೇ ನೋಡುವಳು. ಇವಳಿಗೆ ಗೊತ್ತಾಗಿದೆಯೋ, ಗೊತ್ತಾಗಿಯೂ ಸೆಳೆತದ ಹೆಸರು ಹೇಳುತ್ತಿದ್ದಾಳೋ? ಕುಂಬಳಕಾಯಿ ಕಳ್ಳನ ಹಾಗೆ ಅತ್ತಿಗೆ ತನ್ನ ಹೆಗಲನ್ನು ತಾನೇ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಇಷ್ಟಾದರೂ ಜಗಳವಿರಲಿಲ್ಲ. ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು, ಒಬ್ಬರ ಜಡೆ ಒಬ್ಬರು ಹೆಣೆಯುತ್ತಿದ್ದರು. ಅಣ್ಣ ಸಣ್ಣವನಿದ್ದಾಗ ಮರದ ಕುದುರೆ ಮಾಡಲು ಹೋಗಿ ಕತ್ತೆ ಮಾಡಿದ್ದನ್ನು ನಾದಿನಿ ಹೇಳಿದಾಗ ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ, ಅಣ್ಣನ ಹಳೆಯ ಕಥೆಗಳನ್ನು ಮಾತ್ರ ಹೇಳುತ್ತಾಳೆ, ಹೊಸದೊಂದನ್ನೂ ಹೇಳುವುದಿಲ್ಲ ಎಂಬುದು ಹೊಳೆಯಿತು.

ಕೊನೆಯ ವಾರ ಮೋಡ ಕವಿಯಿತು. ಸೂರ್ಯನಿಲ್ಲ, ನಕ್ಷತ್ರವಿಲ್ಲ. ನಾದಿನಿ ದಿಕ್ಕು ಮತ್ತು ವೇಗ ಇಟ್ಟುಕೊಂಡು ಲೆಕ್ಕದ ಮೇಲೆ ಗೆರೆ ಮುಂದುವರಿಸಿದಳು. ತಿದ್ದುವವರು ಯಾರೂ ಇಲ್ಲದ ಕಾರಣ ಅತ್ತಿಗೆಯ ಕೂದಲೆಳೆ ಬೆರಳಗಲವಾಯಿತು. ಗಂಡನ ಹತ್ತಿರ ಹೋಗುತ್ತಿದ್ದೇನೆ ಎಂಬ ಧೈರ್ಯ ಒಂದು ಕಡೆ. ಅಲ್ಲಿ ಅವನ ಪಕ್ಕದಲ್ಲಿ ಯಾರು ನಿಂತಿರುತ್ತಾರೋ ಎಂಬ ಅಳುಕು ಇನ್ನೊಂದು ಕಡೆ.

ಒಂದು ಬೆಳಗ್ಗೆ ಮುಂದೆ ಕಂದು ಗೆರೆಯೊಂದು ಕಂಡಿತು. ದಡ. ನಾದಿನಿ ಹಾಯಿಕಂಬ ಹಿಡಿದು ನಿಂತು ನೋಡಿದಳು. ಮರಳು, ಪೊದೆ, ಮರಳು. ಗುರುತು ಹಿಡಿಯಲು ಏನೂ ಇಲ್ಲ. ಅವಳು ಸಮಾಧಾನದಿಂದ ಕೆಳಗಿಳಿದು, ಮುಖ ತೊಳೆದುಕೊಂಡು, ಎಲ್ಲ ಅಂದುಕೊಂಡ ಹಾಗೇ ಆಯಿತು ಎಂದಳು. ಇನ್ನು ಎಡಕ್ಕೆ ತಿರುಗಿಸಿ ದಡದ ಗುಂಟ ದಕ್ಷಿಣಕ್ಕೆ ಹೋದರೆ ಆಯಿತಂತೆ. ಗಾಳಿ, ನೀರು ಎರಡೂ ಬೆನ್ನಿಗಿರುತ್ತವಂತೆ, ಬಂದರಿನ ಬಾಯಿ ತಾನಾಗಿ ಎದುರಾಗುತ್ತದಂತೆ.

"ತಾನಾಗಿ ಹೇಗೆ ಎದುರಾಗುತ್ತೆ?" ಎಂದಳು ಅತ್ತಿಗೆ.

"ಅದಕ್ಕೇ ಅಲ್ವಾ ಅತ್ತಿಗೆ ಬೇಕಂತಲೇ ಉತ್ತರಕ್ಕೆ ಬಂದಿದ್ದು? ಕತ್ತಲ ಕೋಣೇಲಿ ದೀಪದ ಗುಂಡಿ ಹುಡುಕ್ತೀರಿ. ನೇರ ಗುಂಡಿಗೇ ಕೈ ಹಾಕಿದರೆ ಸಿಗಲ್ಲ. ಎಡಕ್ಕೆ ತಡಕಬೇಕೋ ಬಲಕ್ಕೋ ತಿಳಿಯಲ್ಲ. ಬೇಕಂತ ಬಲಗಡೆ ಗೋಡೆಗೆ ಕೈ ಇಟ್ಟರೆ, ಎಡಕ್ಕೆ ಸವರಿಕೊಂಡು ಬಂದರಾಯ್ತು. ಇಲ್ಲಿ ಎಡಕ್ಕೆ ತಪ್ಪಿದರೆ ಬರಿ ಗೋಡೆ ಅಲ್ಲ, ಬಂಡೆ."

ಅತ್ತಿಗೆ ಚುಕ್ಕಾಣಿಯನ್ನು ತಿರುಗಿಸದೆ ಇದ್ದಲ್ಲೇ ಹಿಡಿದಳು. ಇಷ್ಟು ಸಣ್ಣ ಮಾತು. ಹೊಲಿಗೆ ಯಂತ್ರದ ಪಕ್ಕದಲ್ಲಿ ಹೇಳಿದ್ದರೂ ಅರ್ಥವಾಗುತ್ತಿತ್ತು. ತಾವೀಗ ಬಂದರಿನ ಉತ್ತರಕ್ಕಿದ್ದೇವೋ ದಕ್ಷಿಣಕ್ಕೋ? ಬಾಯಿ ಬಿಟ್ಟರೆ ಇಷ್ಟು ದಿನ ಮನಸ್ಸಿನಲ್ಲಿ ಇಟ್ಟುಕೊಂಡದ್ದೆಲ್ಲ ಹೊರಬೀಳುತ್ತದೆ. ಅಣ್ಣನಿಗೆ ತಂಗಿ ಹೇಳಿಯೇ ಹೇಳುತ್ತಾಳೆ, ನಿನ್ನ ಹೆಂಡತಿಗೆ ನಮ್ಮಿಬ್ಬರ ಮೇಲೂ ನಂಬಿಕೆ ಇಲ್ಲ ಅಂತ. ಉಳಿದಿರಬಹುದಾದ ಸಂಸಾರವೂ ಅಲ್ಲಿಗೆ ಮುಗಿದೀತು. ಬಾಯಿ ಬಿಡದಿದ್ದರೆ ಮುಂದಿರುವುದು ಬಂಡೆಯಾಗಿರಬಹುದು. ನಾದಿನಿ ಆಗಲೇ ಹಾಯಿಯ ಹಗ್ಗ ಸಡಿಲಿಸುತ್ತಿದ್ದಳು.

"ತಿರುಗಿಸೋದು ಬೇಡ ಪುಟ್ಟಿ," ಎಂದಳು ಅತ್ತಿಗೆ. "ನನ್ನ ಪಾಳೀಲಿ ನಾನು ನೀನು ಹೇಳಿದ ದಿಕ್ಕು ಹಿಡೀಲಿಲ್ಲ. ಎಡಕ್ಕೆ ಹಿಡಿದೆ. ಮೊದಲಿಂದಲೂ."

ನಾದಿನಿಯ ಕೈ ಹಗ್ಗದ ಮೇಲೇ ನಿಂತಿತು. "ಎಷ್ಟು?"

"ಗೊತ್ತಿಲ್ಲ. ಅಂದಾಜಿಗೆ ಹಿಡಿದೆ."

"ಯಾಕೆ?"

"ನೀನು ನನ್ನನ್ನ ಬೇರೆಲ್ಲೋ ಇಳಿಸ್ತೀಯ ಅನ್ನಿಸ್ತು. ಫೋನಲ್ಲಿ ಅವರ ಹತ್ರ ಹೇಳಿದ್ದು ಕೇಳಿಸ್ಕೊಂಡೆ. ತಡ ಮಾಡ್ತೀನಿ ಅಂದೆಯಲ್ಲ."

ನಾದಿನಿ ದಡದ ಕಡೆಗೊಮ್ಮೆ ನೋಡಿದಳು. ಬೈದಿದ್ದರೆ ಅತ್ತಿಗೆಗೆ ಹಗುರಾಗುತ್ತಿತ್ತು. ಅವಳು ಹಗ್ಗ ಬಿಗಿದು, ದೋಣಿಯ ಮೂತಿಯನ್ನು ದಡದಿಂದ ಹೊರಕ್ಕೆ ತಿರುಗಿಸಲು ಹೇಳಿದಳು. ದಡ ಮತ್ತೆ ತೆಳ್ಳಗಿನ ಗೆರೆಯಾದ ಮೇಲೆ ಹಾಯಿ ತಗ್ಗಿಸಿ, ಮೋಡ ಹರಿದು ಸೂರ್ಯ ಸಿಗುವ ತನಕ ಕಾಯುವುದೆಂದು ತೀರ್ಮಾನವಾಯಿತು. ನೆಲ ಕಣ್ಣಿಗೆ ಬಿದ್ದ ಮೇಲೆ ನೆಲಕ್ಕೆ ಬೆನ್ನು ಹಾಕುವುದು ಅತ್ತಿಗೆಗೆ ಅದೇ ಮೊದಲು. ಇದೂ ತಡ ಮಾಡುವ ಹೂಟವೇ ಇರಬಹುದೇ ಎಂದು ಮನಸ್ಸು ಆಗಲೂ ಒಮ್ಮೆ ಇಣುಕಿತು. ಅದಕ್ಕೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಕಾಯುವಾಗ ಅವಳೇ ಕೇಳಿದಳು: "ಈಗಲಾದರೂ ಹೇಳು. ಅವರಿಗೆ ಯಾರಾದರೂ ಇದ್ದಾರಾ?"

"ಅದು ಅಣ್ಣನೇ ಹೇಳಬೇಕಾದ ಮಾತು. ನಾನು ಆಣೆ ಇಟ್ಟಿದ್ದೀನಿ."

"ಇಲ್ಲ ಅಂತಾದರೂ ಹೇಳಬಹುದಲ್ಲ."

"ಒಂದಕ್ಕೆ ಇಲ್ಲ ಅಂದರೆ ಇನ್ನೊಂದು ಕೇಳ್ತೀರಿ ಅತ್ತಿಗೆ. ನೀವು ಹೊಲಿಗೆ ಬಿಚ್ಚೋದರಲ್ಲಿ ನಿಸ್ಸೀಮರು."

ಮಾರನೆಯ ನಡುಹಗಲು ಮೋಡದ ಹಿಂದೆ ಸೂರ್ಯ ಹಳೆಯ ತಟ್ಟೆಯ ಹಾಗೆ ಮಸುಕಾಗಿ ಕಂಡ. ನಾದಿನಿ ಅಳೆದಳು, ಲೆಕ್ಕ ಹಾಕಿದಳು, ಎರಡನೆಯ ಸಲ ಹಾಕಿದಳು. ಕೈವಾರದ ಮೊನೆಯನ್ನು ನಕ್ಷೆಯ ಮೇಲಿಟ್ಟು ಅತ್ತಿಗೆಯನ್ನು ಕರೆದು ತೋರಿಸಿದಳು. ಕಾಯುವಾಗ ಜಾರಿದ್ದನ್ನು ಕಳೆದರೂ, ದಡ ಕಂಡ ಜಾಗ ಬಂದರಿನ ದಕ್ಷಿಣಕ್ಕೇ ಬೀಳುತ್ತಿತ್ತು. ಆ ಬೆಳಗ್ಗೆ ಎಡಕ್ಕೆ ತಿರುಗಿದ್ದರೆ ಊಟದ ಹೊತ್ತಿಗೆ ಬಂಡೆಸಾಲು.

ಗಾಳಿಗೆ ಎದುರಾಗಿ, ಅತ್ತ ಇತ್ತ ಓರೆ ಹೊಡೆಯುತ್ತ ಉತ್ತರಕ್ಕೆ ಏರುವುದು ಪ್ರಾಣ ಹಿಂಡುವ ಕೆಲಸ. ಹಾಯಿಯ ಹೊಸ ಹೊಲಿಗೆ ತಡೆಯಿತು. ಆ ಹೊತ್ತಿನಲ್ಲೆಲ್ಲ ನಾದಿನಿ ಹೇಳಿದ ದಿಕ್ಕನ್ನು ಅತ್ತಿಗೆ ಕಣ್ಣು ಮಿಟುಕಿಸದೆ ಹಿಡಿದಳು. ನಾದಿನಿ ಮಲಗುವ ಪಾಳಿಯಲ್ಲಿ ಮಲಗಲಿಲ್ಲ. ಒಳಗಿನ ಮೆಟ್ಟಿಲ ಮೇಲೆ ಕೂತು ದಿಕ್ಸೂಚಿ ನೋಡುತ್ತಿದ್ದಳು. ಅತ್ತಿಗೆ ಅದನ್ನು ಕಂಡೂ ಕಾಣದ ಹಾಗಿದ್ದಳು. ಈಗ ಅನುಮಾನ ಪಡುವ ಸರದಿ ನಾದಿನಿಯದು.

ಕೊನೆಗೆ ಬಂದರು ಸಿಕ್ಕಿತು. ಅದರ ಗೋಡೆಯ ಮೇಲೆ ಗಂಡ ಒಬ್ಬನೇ ನಿಂತಿದ್ದ. ಪಕ್ಕದಲ್ಲಿ ಯಾರೂ ಇರಲಿಲ್ಲ. ದೋಣಿ ಹತ್ತಿರವಾದಾಗ ನಾದಿನಿ ಕೂಗಿ ಹೇಳಿ ಹಗ್ಗ ಎಸೆದಳು. ಹಗ್ಗ ಅವನ ಕಾಲ ಬಳಿಯೇ ಬಿತ್ತು. ಅವನು ಬಗ್ಗಿ ಎರಡೂ ಕೈಯಿಂದ ನೆಲ ಸವರತೊಡಗಿದ. ಹಗಲು ಬೆಳಕಿನಲ್ಲಿ, ಬಿದ್ದ ಸೂಜಿ ಹುಡುಕುವವನ ಹಾಗೆ.

ಅತ್ತಿಗೆ ದೋಣಿಯಿಂದ ಹಾರಿ, ಹಗ್ಗ ಎತ್ತಿ, ತಾನೇ ಗೂಟಕ್ಕೆ ಬಿಗಿದಳು. ಆಮೇಲೆ ಅವನ ಮುಂದೆ ಬಂದು ನಿಂತಳು.

"ಎಷ್ಟು ದಿನದಿಂದ?"

"ಫೋನು ಕಮ್ಮಿ ಮಾಡಿದಾಗಿಂದ. ಎಲ್ಲ ಮಂಜು ಮಂಜು. ಗರಗಸ ಹಿಡಿಯೋಕೆ ಬಿಡ್ತಿಲ್ಲ. ಡಾಕ್ಟರು ಸರಿಹೋಗುತ್ತೆ ಅಂದಿದ್ರು. ಸರಿಹೋದ ಮೇಲೆ ನೀನು ಬರಲಿ ಅಂತಿದ್ದೆ."

"ನನಗೆ ಸವತಿ ಬಂದಿದ್ದಾಳೆ ಅಂದ್ಕೊಂಡಿದ್ದೆ," ಎಂದಳು ಅವಳು.

"ಅವಳಿಗೂ ನಾನು ಬೇಡವಾಗ್ತಿದ್ದೆ ಈಗ," ಎಂದು ಅವನು ನಗಲು ನೋಡಿದ. ಅವಳು ನಗಲಿಲ್ಲ. ಅವನ ತೋಳು ಹಿಡಿದುಕೊಂಡಳು. ಗೋಡೆಯ ಅಂಚು ಹತ್ತಿರದಲ್ಲೇ ಇತ್ತು.

ದೋಣಿಯ ಒಡೆಯ ಬಂದು ತಡವಾದದ್ದಕ್ಕೆ ಕಾರಣ ಕೇಳಿದಾಗ, ನೀರಿನ ಸೆಳೆತ ಈ ಸಲ ದಕ್ಷಿಣಕ್ಕೆ ಜಾಸ್ತಿ ಇತ್ತು ಎಂದು ನಾದಿನಿ ಹೇಳಿದಳು. ಅಣ್ಣನಿಗೂ ಅಷ್ಟೇ ಹೇಳಿದಳು. ಅತ್ತಿಗೆಯ ಕಡೆ ನೋಡಲಿಲ್ಲ.

ಅತ್ತಿಗೆಯನ್ನು ಕಾಪಾಡಲು ಹಾಗೆಂದಳೋ, ಅದೇ ನಿಜವೆಂದು ನಂಬಿದ್ದಳೋ, ಅತ್ತಿಗೆ ಎಂದೂ ಕೇಳಲಿಲ್ಲ. ಆ ಸಮುದ್ರದಲ್ಲಿ ಕೆಲವು ವರ್ಷ ಸೆಳೆತ ಹೆಚ್ಚಿರುವುದುಂಟು ಎಂದು ಬಂದರಿನವರು ಹೇಳುತ್ತಾರೆ. ದೋಣಿಯನ್ನು ಬಂಡೆಯ ಕಡೆಗೆ ತಂದದ್ದರಲ್ಲಿ ನೀರಿನ ಪಾಲು ಎಷ್ಟು, ಅವಳ ಕೈಯ ಪಾಲು ಎಷ್ಟು ಎಂಬುದು ಯಾರಿಗೂ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ.