ದೀಪ ಹತ್ತುವ ಬಟನ್

ಆ ಕಟ್ಟಡದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಬಟನ್ ಮೇಸ್ತ್ರಿ ಅಂತಲೇ. ಹನ್ನೊಂದು ಮಹಡಿಯ ಕಚೇರಿ, ಆರು ನೂರು ಜನ. ಅಷ್ಟೂ ಜನರ ಎಸಿ, ಲಿಫ್ಟು, ದೀಪ ಇವನ ಕೈಯಲ್ಲಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾಲ್ಕನೇ ಮಹಡಿಯವರು ಇವನ ಜೀವ ತಿಂದಿದ್ದರು. ಕಿಟಕಿ ಪಕ್ಕದವರಿಗೆ ಸೆಕೆ, ಗೋಡೆ ಪಕ್ಕದವರಿಗೆ ಚಳಿ. ಶಾಲು ಹೊದ್ದವಳು ಬಂದು ಬೈದು ಹೋದರೆ, ಬೆವರು ಒರೆಸಿಕೊಳ್ಳುತ್ತಾ ಇನ್ನೊಬ್ಬ ಬಂದು ಬೈಯುತ್ತಿದ್ದ. ಅತ್ತ ದರಿ, ಇತ್ತ ಪುಲಿ. ಕೊನೆಗೆ ಮೇಸ್ತ್ರಿ ಒಂದು ಭಾನುವಾರ ಕೂತು ಗೋಡೆಗೆ ಮೂರು ಚಂದದ ಪೆಟ್ಟಿಗೆ ಕೂರಿಸಿದ. ಒಂದೊಂದರಲ್ಲೂ ಎರಡು ಬಟನ್, ಒತ್ತಿದರೆ ಹಸಿರು ದೀಪ. ಪೆಟ್ಟಿಗೆಯಿಂದ ಎಸಿ ಕಡೆಗೆ ಹೊರಟ ತಂತಿ ಗೋಡೆಯೊಳಗೆ ಒಂದು ಗೇಣು ಹೋಗಿ ಅಲ್ಲೇ ಮುಗಿಯುತ್ತಿತ್ತು.

ಸೋಮವಾರದಿಂದ ಜಗಳ ಬಂದ್. ಶಾಲಿನವಳು ಬಟನ್ ಒತ್ತಿ, ಈಗ ಪರವಾಗಿಲ್ಲ ಎಂದು ಶಾಲು ಮಡಿಸಿಟ್ಟಳು. ಬೆವರಿನವನು ಇನ್ನೊಂದು ಬಟನ್ ಒತ್ತಿ, ಹಾಯಾಯಿತು ಎಂದ. ಇಬ್ಬರ ತಲೆಯ ಮೇಲೂ ಬೀಸುತ್ತಿದ್ದದ್ದು ಅದೇ ಹಳೆಯ ಗಾಳಿ. ಮ್ಯಾನೇಜರು ಗುಟ್ಟು ತಿಳಿದು ಬೆನ್ನು ತಟ್ಟಿದರು, ಉಳಿದ ಹತ್ತು ಮಹಡಿಗೂ ಹಾಕಲು ಹೇಳಿದರು. ಲಿಫ್ಟಿನ ಬಾಗಿಲು ಮುಚ್ಚುವ ಬಟನ್ನಿನದೂ ಅದೇ ಕತೆ. ಬಾಗಿಲು ಹೇಗಿದ್ದರೂ ನಾಲ್ಕು ಸೆಕೆಂಡಿಗೆ ಮುಚ್ಚಿಕೊಳ್ಳುತ್ತದೆ. ಒತ್ತಿದವನು ತನ್ನಿಂದಲೇ ಮುಚ್ಚಿತು ಅಂದುಕೊಳ್ಳುತ್ತಾನೆ. ಅಂದುಕೊಳ್ಳಲಿ ಬಿಡಿ, ಮೇಸ್ತ್ರಿಯ ಗಂಟೇನು ಹೋಗುತ್ತದೆ?

ಇದನ್ನೆಲ್ಲ ಅವನು ಊಟಕ್ಕೆ ಕೂತಾಗ ಹೆಂಡತಿಗೆ ಬಣ್ಣಿಸಿ ಹೇಳುತ್ತಿದ್ದ. ಜನಕ್ಕೆ ತಂಪು ಬೇಡ, ತಂಪು ಮಾಡಿದ್ದು ತಾವೇ ಅನ್ನುವ ಸಮಾಧಾನ ಬೇಕು ಅನ್ನುತ್ತಿದ್ದ. ಅವಳೂ ನಗುತ್ತಿದ್ದಳು. ಒಮ್ಮೆ ಮಾತ್ರ, ಪಾಪ, ನಿಜವಾಗಿ ಚಳಿಯಾದವರು ಏನು ಮಾಡುತ್ತಾರೆ ಎಂದು ಕೇಳಿದ್ದಳು. ಮೇಸ್ತ್ರಿ ಆ ಮಾತನ್ನು ಮಜ್ಜಿಗೆಯ ಜೊತೆ ಕುಡಿದುಬಿಟ್ಟ.

ಮೂವತ್ತು ವರ್ಷ ಹೀಗೆ ನಡೆಯಿತು. ಆಮೇಲೆ ಅವಳ ಸೊಂಟದ ಕೀಲು ಸವೆದು, ಅದನ್ನು ಬದಲಿಸಲು ಆಸ್ಪತ್ರೆಗೆ ಸೇರಿಸಬೇಕಾಯಿತು. ನಲವತ್ತು ಹಾಸಿಗೆಯ ವಾರ್ಡು, ಇಬ್ಬರು ನರ್ಸುಗಳು. ಆಪರೇಷನ್ ಚೆನ್ನಾಗಿಯೇ ಆಯಿತು. ಒಂದು ವಾರ ಯಾರ ಸಹಾಯವೂ ಇಲ್ಲದೆ ಹಾಸಿಗೆ ಇಳಿಯಕೂಡದು ಎಂದು ಡಾಕ್ಟರು ಎರಡೆರಡು ಸಲ ಹೇಳಿ ಹೋದರು. ಹಾಸಿಗೆಯ ತಲೆಯ ಹತ್ತಿರ ದಾರದಂಥ ವೈರಿನಲ್ಲಿ ನರ್ಸನ್ನು ಕರೆಯುವ ಬೆಲ್ಲಿನ ಬಟನ್ ಇಳಿಬಿದ್ದಿತ್ತು. ಮೇಸ್ತ್ರಿ ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಒತ್ತಿದ. ಮೇಲೆ ಗೋಡೆಯ ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತಿತು. ಅಷ್ಟರಲ್ಲಿ ಒಬ್ಬ ನರ್ಸ್ ಮಾತ್ರೆಯ ತಟ್ಟೆ ಹಿಡಿದು ಬಂದೇಬಿಟ್ಟಳು. ಅವಳು ಬಂದದ್ದು ಮಾತ್ರೆ ಕೊಡುವ ಹೊತ್ತಾಗಿತ್ತು ಅಂತ. ಮೇಸ್ತ್ರಿಗೆ ಅದು ಹೊಳೆಯಲಿಲ್ಲ. ಸರಿಯಾಗಿದೆ, ಏನು ಬೇಕಾದರೂ ಇದನ್ನು ಒತ್ತು, ನಾನೇ ನೋಡಿದ್ದೇನೆ ಎಂದು ಹೆಂಡತಿಗೆ ಹೇಳಿ ಕೆಲಸಕ್ಕೆ ಹೋದ.

ಮೂರನೇ ದಿನ ಬೆಳಿಗ್ಗೆ ಮೂತ್ರದ ನಳಿಗೆ ತೆಗೆದರು. ಮಧ್ಯಾಹ್ನ ಅವಳಿಗೆ ಬಾತ್‌ರೂಮಿಗೆ ಹೋಗಬೇಕಾಯಿತು. ಬಟನ್ ಒತ್ತಿದಳು, ಕೆಂಪು ದೀಪ ಹತ್ತಿತು. ಕಾದಳು. ಮತ್ತೆ ಒತ್ತಿದಳು. ಮುಕ್ಕಾಲು ಗಂಟೆ ಹಲ್ಲು ಕಚ್ಚಿ ಕಾದು, ಹಾಸಿಗೆ ಒದ್ದೆಯಾದರೆ ನಲವತ್ತು ಜನರ ಎದುರು ಮುಖ ಎತ್ತುವುದು ಹೇಗೆ ಅನ್ನಿಸಿ, ಒಬ್ಬಳೇ ಇಳಿದಳು. ಎರಡನೇ ಹೆಜ್ಜೆಗೆ ಬಿದ್ದಳು. ಕೂರಿಸಿದ ಹೊಸ ಕೀಲಿನ ಪಕ್ಕದ ಮೂಳೆ ಮುರಿಯಿತು. ಇನ್ನೊಂದು ಆಪರೇಷನ್ ಮಾಡಿದರು. ಇನ್ನು ಮೇಲೆ ಯಾವುದನ್ನೂ ಹಿಡಿದುಕೊಳ್ಳದೆ ನಡೆಯುವುದು ಕಷ್ಟ ಎಂದು ಡಾಕ್ಟರು ಮೇಸ್ತ್ರಿಯ ಮುಖ ನೋಡದೆ ಹೇಳಿದರು.

ಎಲ್ಲರೂ ಅವಳನ್ನೇ ಬೈದರು. ಮಗಳು ಬಂದು, ಅಮ್ಮಾ, ನಿನಗೆ ಎಲ್ಲಾದಕ್ಕೂ ಅವಸರ ಎಂದಳು. ದೊಡ್ಡ ನರ್ಸಮ್ಮ ಒಂದು ಕಾಗದ ತಂದು ಮೇಸ್ತ್ರಿಯ ಮುಂದಿಟ್ಟರು. ರೋಗಿಯು ಬೆಲ್ ಒತ್ತದೆ ತಾನಾಗಿಯೇ ಹಾಸಿಗೆ ಇಳಿದಿರುತ್ತಾರೆ ಎಂದು ಅದರಲ್ಲಿತ್ತು. ಕೆಳಗೆ ಗಂಡನ ಸಹಿ ಬೇಕಿತ್ತು. ಒತ್ತಿದೆ ಅಂತಾಳಲ್ಲ ಎಂದು ಮೇಸ್ತ್ರಿ ಕೇಳಿದರೆ, ಒತ್ತಿದ್ದರೆ ನಾವು ಬರುತ್ತಿರಲಿಲ್ಲವೇ ಎಂದರು. ಹೆಂಡತಿ ಮಾತ್ರ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: ನಾನೇ ಸರಿಯಾಗಿ ಒತ್ತಿಲ್ಲವೇನೋ.

ಆ ಮಾತು ಮೇಸ್ತ್ರಿಗೆ ಸಹಿಸಲಾಗಲಿಲ್ಲ. ಆಸ್ಪತ್ರೆಯವರು ಅವಳನ್ನು ಎಕ್ಸ್‌ರೇಗೆ ಕರೆದುಕೊಂಡು ಹೋದಾಗ ಅವನು ಜೇಬಿನ ಸ್ಕ್ರೂಡ್ರೈವರ್ ತೆಗೆದು ಪೆಟ್ಟಿಗೆಯ ಮುಚ್ಚಳ ಬಿಚ್ಚಿದ. ಬಟನ್ನಿನಿಂದ ದೀಪಕ್ಕೆ ಒಂದು ತಂತಿ ಸರಿಯಾಗಿ ಹೋಗಿತ್ತು. ನರ್ಸುಗಳ ಕೋಣೆಗೆ ಹೋಗಬೇಕಾದ ತಂತಿಯನ್ನು ಕತ್ತರಿಸಿ, ತುದಿಗೆ ಕಪ್ಪು ಟೇಪು ಸುತ್ತಿ, ಮಡಿಸಿ ಒಳಗೆ ತುರುಕಿದ್ದರು. ಅಚ್ಚುಕಟ್ಟಾದ ಕೆಲಸ. ಮೂವತ್ತು ವರ್ಷ ಊರಿಗೆಲ್ಲ ಟೋಪಿ ಹಾಕಿದವನು ಆ ಟೇಪನ್ನು ಬೆರಳಿನಿಂದ ಸವರಿ ನೋಡಿ, ಮುಚ್ಚಳ ಮತ್ತೆ ಕೂರಿಸಿದ.

ಆಸ್ಪತ್ರೆಯ ವೈರ್‌ಮನ್ನನ್ನು ಹುಡುಕಿಕೊಂಡು ಹೋದ. ವಯಸ್ಸಾದ ಮನುಷ್ಯ, ಸುಳ್ಳು ಹೇಳುವ ಗೋಜಿಗೇ ಹೋಗಲಿಲ್ಲ. ನಲವತ್ತು ಬೆಲ್ಲು ಹಗಲೂ ರಾತ್ರಿ ಬಡಿದುಕೊಳ್ಳುತ್ತಿದ್ದವು, ಇಬ್ಬರು ನರ್ಸುಗಳು ಹುಚ್ಚು ಹಿಡಿದು ಓಡಿಹೋಗುವ ಹಾಗಾಗಿತ್ತು, ಮೇಲಿನವರು ಹೇಳಿದರು, ಕತ್ತರಿಸಿದೆ ಎಂದ. ದೀಪ ಹತ್ತಿದರೆ ಸಾಕಣ್ಣ, ಅರ್ಧ ಗಂಟೆ ಸುಮ್ಮನಿರುತ್ತಾರೆ ಎಂದೂ ಸೇರಿಸಿದ. ಮೇಸ್ತ್ರಿ ಅವನ ಕಪಾಳಕ್ಕೆ ಬಿಗಿಯಬೇಕೆಂದೇ ಹೋಗಿದ್ದ. ಕೈ ಏಳಲಿಲ್ಲ. ಯಾವ ಮುಖ ಹೊತ್ತು ಹೊಡೆಯುವುದು?

ಆದರೆ ಕಾಗದವನ್ನು ಹಾಗೇ ಬಿಡಲಿಲ್ಲ. ಆ ಸಾಲು ಹೊಡೆದುಹಾಕಿ, ನನ್ನ ಹೆಂಡತಿ ಬೆಲ್ ಒತ್ತಿದ್ದಾಳೆ, ಬೆಲ್ಲಿನ ತಂತಿಯನ್ನೇ ಕತ್ತರಿಸಿದ್ದಾರೆ ಎಂದು ಬರೆದು ಸಹಿ ಹಾಕಿದ. ದೊಡ್ಡ ನರ್ಸಮ್ಮ ಅದನ್ನು ಓದಿ ಫೈಲಿನೊಳಗೆ ಸೇರಿಸಿದರು. ಅದು ಇನ್ನು ಹೊರಗೆ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಮೇಸ್ತ್ರಿಗೆ ಒಂದಿಷ್ಟು ಹಗುರವಾಯಿತು. ಅವಳಿಗಾದರೂ ನಿಜ ಗೊತ್ತಾಗಲಿ, ತನ್ನನ್ನು ತಾನೇ ಹಳಿದುಕೊಳ್ಳುವುದನ್ನು ಬಿಡಲಿ ಎಂದುಕೊಂಡು ಹಾಸಿಗೆಯ ಪಕ್ಕ ಬಂದು ಕೂತ.

"ನಿಂದೇನೂ ತಪ್ಪಿಲ್ಲ ಕಣೇ," ಎಂದ. "ನೀನು ಸರಿಯಾಗೇ ಒತ್ತಿದೀಯ. ಅದಕ್ಕೆ ತಂತೀನೇ ಇರ್ಲಿಲ್ಲ. ಬರೀ ದೀಪ."

ಅವಳು ಪಕ್ಕದ ಹಾಸಿಗೆಯನ್ನು ನೋಡಿದಳು. ಅದರಲ್ಲಿದ್ದ ಹೆಂಗಸು ಹಿಂದಿನ ದಿನ ಮನೆಗೆ ಹೋಗಿ ಅದು ಖಾಲಿ ಬಿದ್ದಿತ್ತು.

"ಹಾಗಾದ್ರೆ ಆ ಹಾಸಿಗೆಯ ಅಮ್ಮ ಹೇಳಿದ್ದೇ ನಿಜ," ಎಂದಳು. "ಮೊದಲನೇ ದಿನಾನೇ ಹೇಳಿದ್ರು. ಅದು ಸುಮ್ನೆ ದೀಪ ಕಣಮ್ಮಾ, ಯಾರೂ ಬರಲ್ಲ, ಬೇಕಾದ್ರೆ ನನ್ನ ಕೂಗು, ನನ್ನ ಮಗಳು ಇಲ್ಲೇ ಇರ್ತಾಳೆ ಅಂತ."

"ಮತ್ತೆ ಕೂಗಬಾರದಿತ್ತಾ?"

"ನೀವು ಸರಿಯಾಗಿದೆ ಅಂದಿದ್ರಲ್ಲ. ನಮ್ಮನೆಯೋರು ಮೂವತ್ತು ವರ್ಷದಿಂದ ಅದೇ ಕೆಲಸ ಮಾಡೋದು, ಅವರಿಗಿಂತ ನಿಮಗೆ ಜಾಸ್ತಿ ಗೊತ್ತಾ ಅಂತ ಆ ಅಮ್ಮನ ಮೇಲೆ ರೇಗಿಬಿಟ್ಟೆ. ಆಮೇಲೆ ಅವರು ಆ ಕಡೆ ತಿರುಗಿ ಮಲಗಿಬಿಟ್ರು. ಇನ್ನು ಯಾವ ಬಾಯಲ್ಲಿ ಕೂಗಲಿ?"

ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ಒಮ್ಮೆ ಬೈದಿದ್ದರೆ ಮೇಸ್ತ್ರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ನೋವಿಗೆ ಅವಳು ಕಾಲು ಸ್ವಲ್ಪ ಸರಿಸಲು ನೋಡಿದಳು, ಆಗಲಿಲ್ಲ. ಅವನು ಎದ್ದು, ಮಂಡಿಯ ಕೆಳಗೆ ದಿಂಬು ಇಡಲು ಕೈ ಚಾಚಿದ.

"ಬೇಡ ಬಿಡಿ," ಎಂದಳು. "ನರ್ಸ್ ಬರ್ಲಿ. ಕಾಯ್ತೀನಿ."